ನೀರು ನೋಡಲು ಬಂದ ಹೆಣ್ಣಿನಪ್ಪ

ನಮ್ಮ ಪ್ರಯೋಗಾಲಯಕ್ಕೆ ಇಪ್ಪತ್ತು ವರ್ಷ ನೀರು ಹೊತ್ತು ತಂದ ಆ ಮನುಷ್ಯ ತಮ್ಮ ಒಬ್ಬಳೇ ಮಗಳಿಗೆ ನಲವತ್ತಕ್ಕೂ ಹೆಚ್ಚು ಊರುಗಳಲ್ಲಿ ಗಂಡು ನೋಡಿದ್ದರು. ಮೊದಲ ಊರಿಗೆ ಹೋದಾಗ ಹುಡುಗಿ ಇನ್ನೂ ನಾಲ್ಕನೇ ಕ್ಲಾಸು. ವಿಷಯ ಅವಳಿಗೂ ಗೊತ್ತಿರಲಿಲ್ಲ, ಅವಳ ತಾಯಿಗೂ ಗೊತ್ತಿರಲಿಲ್ಲ. ಆಗ ಗೊತ್ತಿದ್ದದ್ದು ನನಗೆ ಮತ್ತು ಆಫೀಸಿನ ಜೀಪಿನ ಡ್ರೈವರಿಗೆ ಮಾತ್ರ. ನಾವಿಬ್ಬರೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ನಂಜನಗೂಡಿನ ನಮ್ಮ ಆಫೀಸಿನಲ್ಲಿ ಒಂದು ಸಂತಾಪ ಸಭೆ ಮಾಡಿದೆವು. ಹೊಸದಾಗಿ ಬಂದ ಸಾಹೇಬರು, ಅವರ ಮುಖವನ್ನೇ ನೋಡದವರು, ಫೋಟೋಗೆ ಹಾರ ಹಾಕಿ, "ಬದುಕಿನಲ್ಲಿ ಒಂದೂ ಸುಳ್ಳು ಹೇಳಿದವರಲ್ಲವಂತೆ" ಎಂದುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದವಳನ್ನು ನೋಡಿ ಪಕ್ಕದವರು ಅಳುತ್ತಿದ್ದಾಳೆ ಎಂದುಕೊಂಡು ಬೆನ್ನು ಸವರಿದರು. ಅಳುತ್ತಲೂ ಇದ್ದೆ, ಅದು ಬೇರೆ ಮಾತು. ಆದರೆ ಅಂಥ ಸುಳ್ಳುಗಾರನಿಗೆ ಅಂಥ ಅಪವಾದ ಹೊರಿಸಿದ್ದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನಲ್ಲಿ ನಲವತ್ತು ಮನೆಯವರು "ಓ, ಆವಯ್ಯನಾ?" ಎಂದು ಎದ್ದು ನಿಲ್ಲುತ್ತಾರೆ. ಇವರು ಬರುತ್ತಾರೆಂದು ಗೋಡೆಗೆ ಸುಣ್ಣ ಹೊಡೆಸಿ ಕಾದವರೂ ಅವರಲ್ಲಿದ್ದಾರೆ.

ಅವರ ಕೆಲಸ ಕೆರೆ, ನಾಲೆ, ಕಪಿಲೆಯ ಕಡವುಗಳಿಂದ ನೀರಿನ ಸ್ಯಾಂಪಲ್ ತರುವುದು. ನನ್ನ ಕೆಲಸ ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಪಾಚಿ ಎಣಿಸುವುದು. ಪಾಚಿಯೆಲ್ಲ ಕೆಟ್ಟದ್ದಲ್ಲ. ಆದರೆ ನೀಲಿ-ಹಸಿರು ಪಾಚಿ ಎಂದು ಒಂದಿದೆ. ಗದ್ದೆಯ ಗೊಬ್ಬರವೆಲ್ಲ ಕೆರೆಗಿಳಿದು ಮೇಲೆ ಬಿಸಿಲು ಬಿದ್ದರೆ ಅದಕ್ಕೆ ಹಬ್ಬ. ರಾತ್ರೋರಾತ್ರಿ ಬೆಳೆದು ಕೆರೆಯ ಮೇಲೆ ಹಸಿರು ಕೆನೆ ಕಟ್ಟುತ್ತದೆ. ಅದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ.

ನಾನು ಎಂ.ಎಸ್ಸಿ. ಓದಿ ಅರ್ಧ ದಿನ ಕಣ್ಣು ಕೀಲಿಸಿ ಹೇಳುವುದನ್ನು ಅವರು ಒಂದು ಬೇವಿನ ಕಡ್ಡಿಯಲ್ಲಿ ಹೇಳುತ್ತಿದ್ದರು. ಕೆರೆಯ ದಡದಲ್ಲಿ ಕೂತು ಕಡ್ಡಿ ಅದ್ದಿ ಎತ್ತುವರು. "ಕೂದ್ಲಂಗೆ ನೇತಾಕ್ಕಂಡ್ರೆ ಪಾಪದ್ದು ಮೇಡಮ್ಮೋರೆ, ಬುಟ್ಬುಡಿ. ಬಣ್ಣ ಬಳ್ದಂಗೆ ಮೆತ್ಕಂಡ್ರೆ ಕಳ್ಳಂದು." ನನ್ನ ಮುಖ ಸಪ್ಪಗಾದದ್ದು ಕಂಡರೆ ಸಮಾಧಾನವನ್ನೂ ಮಾಡುವರು: "ಆದ್ರೂ ನೀವು ಎಣ್ಸಿ. ಕಡ್ಡಿಗೆ ಸರ್ಕಾರ ಸಂಬ್ಳ ಕೊಡಾಕಿಲ್ಲ."

ಬಾಟಲಿಯ ಜೊತೆ ಒಂದು ಫಾರಂ ಬರುತ್ತಿತ್ತು. ಸ್ಥಳ, ಹೊತ್ತು, ನೀರಿನ ಬಣ್ಣ, ಕೊನೆಗೆ ಷರಾ ಎಂಬ ಅಂಕಣ. ಎಲ್ಲರೂ ಖಾಲಿ ಬಿಡುವ ಆ ಅಂಕಣವನ್ನು ಅವರು ಮೊದಲು ತುಂಬುತ್ತಿದ್ದರು. "ಎಮ್ಮೆ ಬಂತು, ಮೂಸಿತು, ಹೋಯಿತು." "ಬಟ್ಟೆ ಒಗೆಯುವ ಹೆಂಗಸರು ಮಾತಿಗಿಂತ ಹೆಚ್ಚು ಕೈ ಕೆರೆಯುತ್ತಿದ್ದಾರೆ." ಆಗಿನ ಸಾಹೇಬರು ಕರೆಸಿ, ಇದು ವೈಜ್ಞಾನಿಕವಲ್ಲ, ಎಮ್ಮೆಯ ಅಭಿಪ್ರಾಯ ಯಾರು ಕೇಳಿದರು ಎಂದು ರೇಗಿದರು. ಮಾರನೆಯ ದಿನದ ಷರಾ: "ಎಮ್ಮೆ ಅಭಿಪ್ರಾಯ ಹೇಳಲು ನಿರಾಕರಿಸಿದೆ." ನಿಜ ಹೇಳಬೇಕೆಂದರೆ ಎಮ್ಮೆ ಒಮ್ಮೊಮ್ಮೆ ತಪ್ಪುತ್ತಿತ್ತು. ಸಾಹೇಬರೂ ತಪ್ಪುತ್ತಿದ್ದರು.

ಇಂಥವರು ಸುಳ್ಳಿಗೆ ಇಳಿದದ್ದು ನನ್ನ ಕಣ್ಣೆದುರಿಗೇ. ನಾನು ಕೆಲಸಕ್ಕೆ ಸೇರಿದ ಹೊಸತು. ಹುಲ್ಲಹಳ್ಳಿ ದಾರಿಯ ಒಂದು ಊರಿನ ಕೆರೆ ಹಸಿರಾಗಿದೆ ಎಂದು ದೂರು ಬಂತು. ಕ್ರಮದಂತೆ ಪಂಚಾಯಿತಿಗೆ ಒಂದು ವಾರ ಮುಂಚೆ ಕಾಗದ ಹೋಯಿತು. ನಾವು ಹೋದಾಗ ಏರಿಯ ಮೇಲೆ ಶಾಮಿಯಾನ, ಎರಡು ಕುರ್ಚಿ, ಎಳನೀರು. ಕೆರೆಯ ಮೆಟ್ಟಿಲಿಗೆ ರಂಗೋಲಿ ಬಿಟ್ಟಿದ್ದರು! ಹಿಂದಿನ ದಿನವೆಲ್ಲ ಹೆಂಗಸರು ಗಂಡಸರು ಸೇರಿ ಹಳೆಯ ಸೀರೆ ಹಿಡಿದು ಕೆರೆಯ ಮೇಲಿನ ಹಸಿರನ್ನೆಲ್ಲ ಬಾಚಿ ತೆಗೆದಿದ್ದರು. ನೆಂಟರು ಬರುವಾಗ ಅಂಗಳ ಗುಡಿಸುವುದಿಲ್ಲವೇ, ಹಾಗೆ. ಊರಿನ ಯಜಮಾನರು ಫಳಫಳ ಬೆಳಗಿದ ಹಿತ್ತಾಳೆ ಬಿಂದಿಗೆಯನ್ನು ಎರಡೂ ಕೈಯಲ್ಲಿ ತಂದು ಮುಂದಿಟ್ಟರು.

"ತಕಳಿ ಸಾ, ನೀವು ಇಳಿಯೋದ್ ಬ್ಯಾಡ, ಜಾರ್ತದೆ. ನಾವೇ ತುಂಬಿ ಮಡ್ಗಿವಿ."

"ಕೆರೇದೇನಾ?" ಎಂದು ಇವರು ಕೇಳಿದರು.

"ಛೇ ಛೇ! ಆಪೀಸ್ನೋರು ಬಂದಾಗ ಕೆರೆ ನೀರು ಕೊಟ್ರೆ ಊರಿಗೇನ್ ಮರ್ವಾದೆ? ಬೋರಿಂದು. ಸಕ್ಕರೆ ಇದ್ದಂಗದೆ!"

ಇವರು ನಕ್ಕು, ಬಿಂದಿಗೆಗೆ ಕೈ ಮುಗಿದು, ಕೆರೆಗೇ ಇಳಿದು ಬಾಟಲಿ ತುಂಬಿದರು. ಆದರೆ ಬಾಚಿದ ಕೆರೆಯಲ್ಲಿ ಏನಿರುತ್ತದೆ? ನಾನು ಎಣಿಸಿದೆ, ಹೆಚ್ಚೇನೂ ಸಿಗಲಿಲ್ಲ, ತೊಂದರೆಯಿಲ್ಲ ಎಂದು ಬರೆದು ಸಹಿ ಹಾಕಿದೆ. ಬಾಚಿದ ಹಸಿರನ್ನು ಊರಿನವರು ಏರಿಯ ಆಚೆ ಗುಡ್ಡೆ ಹಾಕಿದ್ದರು. ಅದರ ಬುಡದಲ್ಲಿ ನಿಂತ ನೀರು ಕುಡಿದು ಒಬ್ಬ ಮುದುಕಿಯ ಎರಡು ಆಡು ಸತ್ತವು. ಇವರು ಒಬ್ಬರೇ ಹೋಗಿ ಆಕೆಯನ್ನು ಮಾತಾಡಿಸಿಕೊಂಡು ಬಂದು, ನನ್ನ ಟೇಬಲ್ಲಿನ ಎದುರು ಕೂತರು.

"ಅವ್ರು ಮರ್ವಾದೆ ಕೊಟ್ರು, ನಾವ್ ತಕಂಡೊ. ಆಡು ಸತ್ವು," ಎಂದರು. ಎದ್ದು ಹೊರಡುವಾಗ, "ಇನ್ನು ನಾನು ಆಪೀಸ್ನೋನಾಗಿ ಓಗಾಕಿಲ್ಲ ಕಣ್ ಮೇಡಮ್ಮೋರೆ."

ಆ ವರ್ಷವೇ ಅವರನ್ನು ಕರಾವಳಿಯ ಒಂದು ಊರಿಗೆ ತರಬೇತಿಗೆ ಕಳಿಸಿದರು. ಸಮುದ್ರದಲ್ಲಿ ವಿಷದ ಪಾಚಿ ಬಂದರೆ ಮೀನು, ಚಿಪ್ಪಿಗಳಿಗೆ ಏರಿ ಜನರ ಹೊಟ್ಟೆ ಸೇರುತ್ತದೆ, ಅದನ್ನು ಹೇಗೆ ಕಾಯಬೇಕು ಎಂಬ ಪಾಠ. ಮೂರು ದಿನ ದೋಣಿಯಲ್ಲಿ ಕೂತು ವಾಂತಿ ಮಾಡಿಕೊಂಡು ಕಲಿತು ಬಂದರು. ಕೊನೆಯ ದಿನ ಏನಾದರೂ ಸಂದೇಹವಿದೆಯೇ ಎಂದು ಕೇಳಿದ ವಿಜ್ಞಾನಿಗಳಿಗೆ ಇವರು ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆಯಂತೆ: "ನೀವು ಬರ್ತೀವಿ ಅಂತ ಸಮುದ್ರಕ್ಕೆ ಮೊದ್ಲೇ ಕಾಗ್ದ ಬರೀತೀರಾ ಸಾ?"

ಅಲ್ಲಿಂದ ಬಂದ ಮೇಲೆ ವೇಷ ಶುರುವಾಯಿತು. ಕಾಗದವೂ ಇಲ್ಲ, ಜೀಪೂ ಇಲ್ಲ. ಜೀಪು ಊರಾಚೆ ಹುಣಸೆ ಮರದಡಿ ನಿಲ್ಲುವುದು, ಇವರು ಚೀಲ ಹಿಡಿದು ನಡೆದು ಹೋಗುವುದು. ಮೊದಲು ಎಮ್ಮೆ ಕಳೆದುಕೊಂಡವನ ವೇಷ ಹಾಕಿದರು. ಎಮ್ಮೆ ಹುಡುಕುವವನು ಕೆರೆಯ ಸುತ್ತ ಎಲ್ಲಿ ಬೇಕಾದರೂ ತಿರುಗಬಹುದು ಎಂಬುದು ಲೆಕ್ಕ. ಆದರೆ ಹೆಮ್ಮರಗಾಲದ ಕಡೆಯ ಜನ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಪಾಪ, ದೂರದಿಂದ ಬಂದವ್ನೆ ಎಂದು ಮರುಗಿ, ಹತ್ತು ಜನ ಹುಡುಕಲು ಹೊರಟು, ಮೂರು ಊರು ಅಲೆದು, ಸಂಜೆಯ ಹೊತ್ತಿಗೆ ಒಂದು ಎಮ್ಮೆಯನ್ನು ಹಿಡಿದು ತಂದೇಬಿಟ್ಟರು. ಇವರು ನನ್ನದಲ್ಲ ಎಂದರೂ ಕೇಳರು. "ನೀವು ಏಳ್ದಂಗೇ ಅದೆ, ಕೊಂಬು ನೋಡಿ!" ಕೊನೆಗೆ ಎಮ್ಮೆಯ ನಿಜವಾದ ಒಡೆಯ ಕೋಲು ಹಿಡಿದು ಓಡಿ ಬಂದಾಗಲೇ ಇವರಿಗೆ ಬಿಡುಗಡೆ.

ಹೆಣ್ಣಿನಪ್ಪನ ವೇಷ ಸಿಕ್ಕಿದ್ದು ಆಮೇಲೆ. ಅದನ್ನು ಕಂಡುಹಿಡಿದ ದಿನ ಅವರ ಮುಖ ನೋಡಬೇಕಿತ್ತು!

"ಯೋಚ್ನೆ ಮಾಡಿ ಮೇಡಮ್ಮೋರೆ. ಪರಸ್ಥಳದೋನು ಊರಿಗೆ ಬಂದು ನೀರು ತೋರ್ಸಿ ಅಂದ್ರೆ ಅನುಮಾನ. ಎಣ್ಣಿನಪ್ಪ ಬಂದು ಕೇಳಿದ್ರೆ? ನನ್ ಮಗ್ಳು ನೀರಿಗೆ ಎಷ್ಟ್ ದೂರ ಓಗ್ಬೇಕು, ಎಂಥ ನೀರು, ಬ್ಯಾಸ್ಗೇಲಿ ಎಂಗೆ? ಕೇಳ್ನಿಲ್ಲ ಅಂದ್ರೇ ತಪ್ಪು!"

ಗಂಡಿನ ಮನೆಯವರು ಹೇಗೂ ನಮ್ಮೂರ ನೀರು ಅಮೃತ ಎನ್ನುತ್ತಾರೆ. ಇವರು ತಲೆಯಾಡಿಸಿ, ಎದ್ದು, ಮೂರನೇ ಮನೆಗೆ ಹೋಗುತ್ತಿದ್ದರು. ಪಕ್ಕದ ಮನೆಯವರು ಮುಲಾಜಿಗೆ ಬೀಳುತ್ತಾರೆ, ಮೂರನೇ ಮನೆಯವರು ಹೆಣ್ಣಿನ ಅಪ್ಪನಿಗೆ ಎಲ್ಲ ಬಿಚ್ಚಿ ಹೇಳುತ್ತಾರೆ ಎಂಬುದು ಅವರ ಸಿದ್ಧಾಂತ. ಅಲ್ಲಿಯ ಹೆಂಗಸರು ಕೈ ಹಿಡಿದು ನಡೆಸುವುದೊಂದು ಬಾಕಿ ಎಂಬಂತೆ ಇವರನ್ನು ಕೆರೆಯವರೆಗೂ ಕರೆದುಕೊಂಡು ಹೋಗಿ, ಯಾವ ಮೂಲೆಯಲ್ಲಿ ಹಸಿರು ಕಟ್ಟುತ್ತದೆ, ಯಾವಾಗಿಂದ ವಾಸನೆ, ಯಾರ ಮೈಗೆ ತುರಿಕೆ, ಎಲ್ಲ ತೋರಿಸುತ್ತಿದ್ದರು. ವಾರದ ಮೇಲೆ ಇವರು ಮತ್ತೆ ಆ ಊರಿಗೆ ಹೋಗುವುದು. ಒಂದು ಕೈಯಲ್ಲಿ ಪಂಚಾಯಿತಿಗೆ ನಮ್ಮ ವರದಿ, ಇನ್ನೊಂದು ಕೈಯಲ್ಲಿ ಗಂಡಿನ ಮನೆಗೆ ಬಾಳೆಹಣ್ಣು. ಜಾತಕ ಕೂಡಿ ಬರಲಿಲ್ಲ ಎಂದು ಕೈ ಮುಗಿಯುವುದು.

ಮನೆಯಲ್ಲಿ ತಿಳಿಯದಿರಲೆಂದು ಇವರು ಕೊಟ್ಟಿದ್ದ ಆಫೀಸಿನ ವಿಳಾಸಕ್ಕೆ ಹುಡುಗರ ಫೋಟೋಗಳು ಬರತೊಡಗಿದವು. ಸ್ಯಾಂಪಲ್ ಇಡುವ ಫ್ರಿಜ್ಜಿನ ಮೇಲೆ ಒಂದು ಸಾಲು ಗಂಡುಗಳು ನಗುತ್ತಾ ನಿಂತಿದ್ದರು. ನಾನೊಮ್ಮೆ ರೇಗಿದೆ. "ಇದು ಮೋಸ ಅಲ್ವೇನಣ್ಣ? ಪಾಪ, ಅವರು ಆಸೆ ಇಟ್ಕೊಂಡಿರ್ತಾರೆ."

"ಮೋಸನೇ," ಎಂದು ಒಪ್ಪಿಕೊಂಡರು. "ನೀರು ನಿಜ ಏಳ್ಬೇಕು ಅಂದ್ರೆ ನಾನು ಸುಳ್ಳೇಳ್ಬೇಕು. ಇನ್ನೇನ್ ದಾರಿ ಅದೆ ಏಳಿ?" ಫೋಟೋಗಳನ್ನು ಡ್ರಾಯರಿಗೆ ಹಾಕಿದೆ.

ಕಾಲ ಯಾರಿಗೂ ಕಾಯುವುದಿಲ್ಲವಲ್ಲ, ಮಗಳು ನಿಜವಾಗಿಯೂ ದೊಡ್ಡವಳಾದಳು. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಳು. ಅಲ್ಲೇ ಫಿಟ್ಟರ್ ಆಗಿದ್ದ ಒಬ್ಬ ಹುಡುಗನನ್ನು ಮೆಚ್ಚಿದಳು. ತಿ. ನರಸೀಪುರದ ಕಡೆಯವನು, ಜಾತಿಯೂ ಒಂದೇ, ಎರಡೂ ಮನೆಯಲ್ಲಿ ಹೆಚ್ಚು ಗಲಾಟೆಯಾಗಲಿಲ್ಲ. ಗಂಡಿನ ಮನೆ ನೋಡಲು ಹೋಗುವುದೊಂದೇ ಬಾಕಿ. ಅಷ್ಟು ಹೊತ್ತಿಗೆ ಅಪ್ಪನ ಪುರಾಣವೆಲ್ಲ ಮಗಳಿಗೆ ತಿಳಿದಿತ್ತು. ಹಿಂದಿನ ದಿನ ಅಪ್ಪನನ್ನು ಕೂರಿಸಿಕೊಂಡು, "ಅಪ್ಪಾ, ನಿನ್ ದಮ್ಮಯ್ಯ ಅಂತೀನಿ, ನಾಳೆ ಬಾಟ್ಲಿ ತಕಂಡೋಗ್ಬೇಡ. ನಂಗೆ ಈ ಹುಡ್ಗನೇ ಬೇಕು," ಎಂದಳು. ಅಪ್ಪ ಮಗಳ ತಲೆ ಮುಟ್ಟಿ ಆಗಲಿ ಎಂದರು. ನನಗೂ ಹೆದರಿಕೆಯಿದ್ದೇ ಇತ್ತು. ಅದಕ್ಕೇ ಅವರು ಕರೆದ ಕೂಡಲೇ ನಾನೂ ಹೊರಟೆ. ಅವರು, ಅವರ ಹೆಂಡತಿ, ಹೆಂಡತಿಯ ಅಣ್ಣ, ನಾನು.

ಊರಿನ ಬಸ್ ಸ್ಟಾಪಿನಿಂದ ಆ ಮನೆಗೆ ಕೆರೆಯ ಏರಿಯ ಮೇಲೇ ದಾರಿ. ನೋಡುತ್ತೇನೆ, ಗಾಳಿ ಬೀಸಿದ ಕಡೆ, ಹೆಂಗಸರು ಬಿಂದಿಗೆ ತುಂಬುತ್ತಿದ್ದ ಮೆಟ್ಟಿಲಿನ ಹತ್ತಿರ, ಹಸಿರು ಡಿಸ್ಟೆಂಪರ್ ಡಬ್ಬ ಚೆಲ್ಲಿದ ಹಾಗಿದೆ. ಊರಿನ ಬೋರಿನ ಮೋಟರು ಸುಟ್ಟು ತಿಂಗಳಾಯಿತು, ಕುಡಿಯಲೂ ಈಗ ಇದೇ ನೀರು ಎಂದು ದಾರಿಯಲ್ಲಿ ಯಾರೋ ಹೇಳಿದರು. ಇವರು ನನ್ನ ಮೊಣಕೈ ತಿವಿದು, "ಆ ಕಡೆ ನೋಡ್ಬೇಡಿ ಮೇಡಮ್ಮೋರೆ. ಇವತ್ತು ನಾವು ನೆಂಟ್ರು," ಎಂದರು. ಹಾಗೆಂದವರು ತಾವೇ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದರು. ಮತ್ತೆ ಬಂದು ಸೇರಿಕೊಂಡಾಗ ಅವರ ಎರಡು ಬೆರಳು ಹಸಿರಾಗಿದ್ದವು.

ಗಂಡಿನ ತಂದೆ ಆ ಕೆರೆಯ ಮೀನಿನ ಗುತ್ತಿಗೆ ಹಿಡಿದವರು. ಮುಂದಿನ ತಿಂಗಳು ಮೀನು ಹಿಡಿಯಬೇಕು. ಗಟ್ಟಿ ಮೀಸೆ, ಗಟ್ಟಿ ದನಿ, ಒಳ್ಳೆಯ ಮನುಷ್ಯ. ಜಮಖಾನ ಹಾಸಿ ಕೂರಿಸಿ, ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತರಿಸಿಟ್ಟರು. ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಬಂದವರು ಅದನ್ನು ಮುಟ್ಟದಿದ್ದರೆ ಮನೆಯನ್ನೇ ಒಪ್ಪಲಿಲ್ಲ ಎಂದರ್ಥ. ಇವರು ಚೊಂಬನ್ನು ನೋಡುತ್ತಾ ಕೂತರು. ಅಷ್ಟರಲ್ಲಿ ಕಿಟಕಿಯಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಹೆಂಗಸು ಕೂಗಿಕೊಂಡಳು.

"ಅಯ್ಯೋ, ಇವ್ರಾ! ನಮ್ಮಕ್ಕನ ಊರಲ್ಲೂ ಗಂಡು ನೋಡಿ ಜಾತ್ಕ ಕೂಡ್ನಿಲ್ಲ ಅಂದೋರು! ಇವ್ರು ಬಂದೋದ್ ಮ್ಯಾಕೆ ಕೆರೆಗೆ ನೀರು ಮುಟ್ಬೇಡಿ ಅಂತ ಬೋರ್ಡ್ ನೆಟ್ರು. ಚೀಲ ನೋಡಿ, ಬಾಟ್ಲಿ ಇರ್ತದೆ!"

ಯಾರೂ ಕೈ ಹಾಕುವ ಮೊದಲೇ ಇವರು ತಾವೇ ಚೀಲ ಬಿಚ್ಚಿದರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಎಲ್ಲದರ ಕೆಳಗೆ ಕಂದು ಬಣ್ಣದ ಖಾಲಿ ಬಾಟಲಿ. ಅವರ ಹೆಂಡತಿ ನೋಡಿದ ನೋಟಕ್ಕೆ ಯಾವ ಪಾಚಿಯೂ ಬದುಕಿ ಉಳಿಯುತ್ತಿರಲಿಲ್ಲ. "ಕೈ ತಪ್ಪಿ ಬಂದ್ಬುಟ್ಟದೆ," ಎಂದು ಇವರು ಗೊಣಗಿದರು. ಇಪ್ಪತ್ತು ವರ್ಷದಲ್ಲಿ ಅವರು ಹೇಳಿದ ಅತ್ಯಂತ ಸಪ್ಪೆ ಸುಳ್ಳು ಅದು.

ಗಂಡಿನ ತಂದೆ ಕೂಗಾಡಲಿಲ್ಲ. ಬಾಟಲಿಯನ್ನು ಜಮಖಾನದ ಮಧ್ಯದಲ್ಲಿ ನಿಲ್ಲಿಸಿದರು. "ನೋಡಿ, ನನ್ ಮಗ ನಿಮ್ ಮಗ್ಳನ್ನ ಒಪ್ಪವ್ನೆ. ನಂದೂ ಅಡ್ಡಿಯಿಲ್ಲ. ಈ ಬಾಟ್ಲಿ ಕಾಲಿ ಓದ್ರೆ ನೀವು ನೆಂಟ್ರು. ತುಂಬ್ಕಂಡೋದ್ರೆ ಆಪೀಸ್ನೋರು. ಯಾವ್ದು ಅಂತ ಏಳ್ಬುಡಿ."

ಬಾಗಿಲ ಹತ್ತಿರ ನಿಂತಿದ್ದ ಹುಡುಗನ ಮುಖ ಬಿಳಿಚಿಕೊಂಡಿತು. ನಾನೇನು ದೊಡ್ಡ ಮನಸ್ಸಿನವಳಲ್ಲ, ಬಾಟಲಿ ಖಾಲಿಯೇ ವಾಪಸ್ಸು ಬರಲಿ ದೇವರೇ ಎಂದೇ ಬೇಡಿಕೊಂಡೆ. ನಾಳೆ ಜೀಪಿನಲ್ಲಿ ಬೇರೆ ಯಾರನ್ನಾದರೂ ಕಳಿಸಿದರಾಯಿತು, ಒಂದು ದಿನದಲ್ಲಿ ಏನಾಗಿಬಿಡುತ್ತದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಹೊರಗೆ ಮೆಟ್ಟಿಲಿಂದ ಹೆಂಗಸರು ಬಿಂದಿಗೆ ಹೊತ್ತು ಹೋಗುತ್ತಲೇ ಇದ್ದರು.

ಇವರು ಬಾಟಲಿಯನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಯಜಮಾನ್ರೆ, ನಲ್ವತ್ತೂರಲ್ಲಿ ಸುಳ್ ಎಣ್ಣಿಟ್ಕಂಡು ನೀರು ನೋಡ್ದೋನು ನಾನು. ಇವತ್ತು ಎಣ್ಣು ನಿಜ. ನಾಳೆ ಈ ಚೊಂಬಲ್ಲಿ ಕುಡಿಯೋಳು ನನ್ ಮಗ್ಳು. ಸುಳ್ ಎಣ್ಣಿಗೆ ನೋಡಿ ನಿಜದೆಣ್ಣಿಗೆ ನೋಡ್ದೆ ಓದ್ರೆ, ನಾನೆಂಥಾ ಅಪ್ಪ?"

ಒಳಗಿನಿಂದ ಹುಡುಗನ ತಾಯಿ ಬಂದರು. ಅದುವರೆಗೂ ಆಕೆಯ ದನಿಯೇ ಕೇಳಿರಲಿಲ್ಲ. ಇವರ ಮಡಿಲಿಂದ ಬಾಟಲಿಯನ್ನು ಎತ್ತಿಕೊಂಡು ಗಂಡನ ಕಡೆ ತಿರುಗಿದರು.

"ನಮ್ಮಪ್ಪ ಈ ಮನೆ ನೋಡಕ್ ಬಂದಾಗ ಎತ್ತಿನ ಅಲ್ಲು ನೋಡ್ದ, ಕಣಜ ನೋಡ್ದ, ಓದ. ನೀರು ಎಂಗದೆ ಅಂತ ಒಬ್ರೂ ಕೇಳ್ನಿಲ್ಲ. ಇವ್ರು ಕೇಳವ್ರೆ." ಎಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆರೆಯ ಮೆಟ್ಟಿಲಿಳಿದು, ಹಸಿರು ದಟ್ಟವಾಗಿದ್ದ ಕಡೆಯೇ ಬಗ್ಗಿ ತುಂಬಿಕೊಂಡು ಬಂದು ಇವರ ಕೈಗೆ ಕೊಟ್ಟರು. ನಾವು ಬೆಲ್ಲವನ್ನೂ ಮುಟ್ಟದೆ, ನೀರನ್ನೂ ಮುಟ್ಟದೆ ಎದ್ದು ಬಂದೆವು. ಬಸ್ಸಿನಲ್ಲಿ ಅವರ ಹೆಂಡತಿ ಬೇರೆ ಸೀಟಿನಲ್ಲಿ ಕೂತರು.

ಆ ಬಾಟಲಿಯನ್ನು ನಾನು ಎರಡು ಸಲ ಎಣಿಸಿದೆ, ತಪ್ಪಾಗಿರಲಿ ಎಂಬ ಆಸೆಯಿಂದ. ತಪ್ಪಾಗಿರಲಿಲ್ಲ. ಬೋರ್ಡು ನೆಟ್ಟರು, ಮೀನು ಹಿಡಿಯುವುದು ನಿಂತಿತು, ತಿಂಗಳಿನಿಂದ ಸುಟ್ಟು ಕೂತಿದ್ದ ಮೋಟರು ನಾಲ್ಕು ದಿನದಲ್ಲಿ ರಿಪೇರಿಯಾಯಿತು. ಮದುವೆಯೂ ಆಯಿತು. ಹುಡುಗ ಹಟ ಹಿಡಿದ, ತಾಯಿ ಅವನಿಗಿಂತ ಹೆಚ್ಚು ಹಟ ಹಿಡಿದರು. ಬೀಗರು ಮಾತ್ರ ಧಾರೆಯ ಹೊತ್ತಿನಲ್ಲೂ ಇವರ ಮುಖ ನೋಡಲಿಲ್ಲ. "ಮೀನು ಓದ್ರೆ ಓಗ್ಲಿ. ನನ್ ಮನೆ ನೀರು ಮುಟ್ನಿಲ್ಲ," ಎಂಬುದೊಂದೇ ಅವರ ಕೊರಗು. ಆಮೇಲೆ ಇವರು ಮಗಳ ಮನೆಗೆ ಹೋದಾಗಲೆಲ್ಲ ಕಾಫಿ ಬರುತ್ತಿತ್ತು, ಮಜ್ಜಿಗೆ ಬರುತ್ತಿತ್ತು, ಊಟವೂ ಆಗುತ್ತಿತ್ತು. ನೀರಿನ ಚೊಂಬು ಮಾತ್ರ ಇವರ ಮುಂದೆ ಬರಕೂಡದು ಎಂಬುದು ಬೀಗರ ಕಟ್ಟಪ್ಪಣೆ. ಐದು ವರ್ಷ ಹಾಗೇ ನಡೆಯಿತು. ಇವರು ಅದನ್ನು ತಮಾಷೆ ಮಾಡಿ ಹೇಳಿ ನಗಿಸುತ್ತಿದ್ದರು, ಆದರೆ ಅದು ಅವರನ್ನು ನೋಯಿಸಿತ್ತು. ನನಗೆ ಗೊತ್ತು.

ಇವರು ಹಾಸಿಗೆ ಹಿಡಿದಾಗ, ಒಂದು ದಿನ ಬೀಗರು ನಮ್ಮ ಆಫೀಸಿಗೆ ಬಂದರು. ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟು, "ನೋಡ್ಕೊಡಿ," ಎಂದರು. ಅವರ ಊರಿನಲ್ಲಿ ಈಗ ಕೆರೆ ನೀರನ್ನು ಸೋಸಿ ಕೊಡುವ ಘಟಕ ಬಂದಿದೆ, ಅಲ್ಲಿಯ ನೀರು. ನೋಡಿದೆ. ಕಳ್ಳಂದು ಒಂದೂ ಇರಲಿಲ್ಲ. ಬರೆದುಕೊಟ್ಟ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು ಹೋದರು.

ಎರಡು ದಿನದ ಮೇಲೆ ಮಧ್ಯಾಹ್ನ ನಾನು ಇವರನ್ನು ನೋಡಲು ಹೋಗಿ ಕೂತಿದ್ದಾಗ ಬೀಗರು ಮುಚ್ಚಿದ ಚೊಂಬು ಹಿಡಿದು ಒಳಗೆ ಬಂದರು. ಮಂಚದ ಪಕ್ಕ ನಿಂತು, "ನಮ್ಮೂರ್ ಕೆರೇದು. ಸೋಸಿದ್ದು," ಎಂದರು. ಐದು ವರ್ಷದ ಮೇಲೆ ಬೀಗರಿಗೆ ಬೀಗರು ಆಡಿದ ಮೊದಲ ಮಾತು. ಮಗಳು ಅಪ್ಪನ ತಲೆ ಎತ್ತಿ ದಿಂಬು ಸರಿಮಾಡಿದಳು.

ಇವರು ಚೊಂಬು ನೋಡಿದರು, ನನ್ನ ಕಡೆ ಕಣ್ಣು ಹೊರಳಿಸಿದರು.

"ಮೇಡಮ್ಮೋರೆ, ನೀವ್ ನೋಡಿದ್ರಾ?"

"ನೋಡಿದ್ದೀನಣ್ಣ. ಏನೂ ಇಲ್ಲ."

"ಸಯಿ ಆಕಿದ್ದೀರಾ?"

ನನಗೆ ಸಿಟ್ಟು ಬಂತು. ಸಾಯುವ ಹೊತ್ತಿನಲ್ಲಿ ಇದೇನು ಕುಚೇಷ್ಟೆ! ಬೀಗರು ಮಾತ್ರ ಸಿಟ್ಟಾಗಲಿಲ್ಲ. ಜೇಬಿನಿಂದ ಕಾಗದ ತೆಗೆದು, ಬಿಡಿಸಿ, ಇವರ ಕಣ್ಣಿನ ಮುಂದೆ ಹಿಡಿದರು. ಇವರು ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿದರು. ಓದಿ ಮುಗಿಯುವವರೆಗೆ ಬೀಗರು ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ಚೊಂಬು ಹಿಡಿದು ನಿಂತೇ ಇದ್ದರು. ಆಮೇಲೆ ಇವರು ಬಾಯಿ ತೆರೆದರು. ಬೀಗರು ನಿಧಾನವಾಗಿ ಹನಿಸಿದರು. ಗಲ್ಲಕ್ಕೆ ಇಳಿದ ನೀರನ್ನು ತಮ್ಮ ಹೆಗಲ ವಸ್ತ್ರದಲ್ಲೇ ಒರೆಸಿದರು.

"ಇನ್ನೊಂದ್ ಗುಟುಕು ಬುಡಿ, ಬೀಗ್ರೆ," ಎಂದರು ಇವರು.